ಸೀದಾಕ್ಕೆ ಸೀದಾ ಇಟ್ಟ ಕ್ಲಚ್ ಪ್ಲೇಟು

ಇವತ್ತು ಮಧ್ಯಾಹ್ನ ಹಾನಗಲ್ಲಿನಿಂದ ಒಬ್ಬರು ನನ್ನ ತಮ್ಮನ ಕಾರು ನೋಡಲು ಬರುತ್ತಾರೆ. ಮನಸ್ಸಿಗೆ ಬಂದರೆ ಹಗ್ಗ ಕಟ್ಟಿ ಎಳೆದುಕೊಂಡೇ ಹೋಗುತ್ತಾರಂತೆ. ಯಾಕೆಂದರೆ ಕಾರು ಓಡುವುದಿಲ್ಲ. ಯಾರಿಂದಾಗಿ ಓಡುವುದಿಲ್ಲ ಅನ್ನುವುದು ಈ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತು.

ನನಗೆ.

ಬೆಳಗ್ಗಿನಿಂದ ಹೊಲಿಗೆ ಮಷೀನಿನ ಮುಂದೆ ಕೂತಿದ್ದೇನೆ. ಒಂದು ತೋಳು ಹೊಲಿಯುತ್ತೇನೆ, ಬಿಚ್ಚುತ್ತೇನೆ. ಏಳುತ್ತೇನೆ, ಕಿಟಕಿಯಲ್ಲಿ ಇಣುಕುತ್ತೇನೆ, ಮತ್ತೆ ಬಂದು ಕೂತು ಪೇಪರಿನ ಈ ಅಂಕಣದ ನಾಲ್ಕು ಸಾಲು ಬರೆಯುತ್ತೇನೆ. ಅಂಗಳದಲ್ಲಿ ತಮ್ಮ ಇರ್ಫಾನ್ ಕಾರು ತೊಳೆಯುತ್ತಿದ್ದಾನೆ. ಮಾರಿಬಿಡುವ ಗಾಡಿಯನ್ನು ಯಾರಾದರೂ ಇಷ್ಟು ಪ್ರೀತಿಯಿಂದ ತೊಳೆಯುತ್ತಾರಾ?

ಕಾರು ಎಂದರೆ ಮದುವೆಗೆ ಮಂದಿ ತುಂಬಿಕೊಂಡು ಹೋಗುವ ಕಾರಲ್ಲ. ಟರ್ಬೊ ಇಂಜಿನ್ನಿನದು. ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವಂಥದ್ದು. ಸವಣೂರಿನ ನಮ್ಮ ಓಣಿಯಲ್ಲಿ ಅದಕ್ಕೆ ಎರಡನೇ ಗೇರು ಹಾಕುವಷ್ಟೂ ಜಾಗವಿಲ್ಲ. ಅದಕ್ಕೇ ಇರ್ಫಾನ್ ರಜೆ ಸಿಕ್ಕಾಗ ಶಿಗ್ಗಾವಿ ದಾಟಿ ತಡಸದ ಹೈವೇಗೆ ಒಯ್ದು ಓಡಿಸುತ್ತಿದ್ದ. ಓಡಿಸಿ ಓಡಿಸಿ ಕ್ಲಚ್ ಸವೆಯಿತು. ಇಲ್ಲಿನ ಮೇಸ್ತ್ರಿಗಳು "ಇದು ನಮ್ಮ ಕೈಯಾಗಿನ ಗಾಡಿ ಅಲ್ರಿ" ಎಂದು ಕೈ ಮುಗಿದರು.

"ನಾನ ಹಾಕ್ತೇನಿ. ಮನ್ಯಾಗ ಹಾಕ್ತೇನಿ" ಅಂದ ಇರ್ಫಾನ್.

ಈ ಹಟದ ಹಿಂದೆ ಒಂದು ಆಸೆ ಇತ್ತು. ಇರ್ಫಾನ್ ಈಗ ಬೇರೆಯವರ ಟೆಂಪೊ ಓಡಿಸುತ್ತಾನೆ, ಹಿರೇಕೆರೂರಿನಿಂದ ಗೋವಿನಜೋಳ ಹೇರಿಕೊಂಡು ಬರುತ್ತಾನೆ. ಅಲ್ಲಿ ಗೆಳೆಯನಾದ ಮಂಜಪ್ಪನ ಜೊತೆ ಸೇರಿ ಶಿಗ್ಗಾವಿಯಲ್ಲಿ ಗ್ಯಾರೇಜು ತೆರೆಯುವ ಮಾತು ನಡೆದಿತ್ತು. ಮಂಜಪ್ಪ ಲೆಕ್ಕದ ಮನುಷ್ಯ. "ಮೊದಲ ನಿನ್ ಕಾರಿಗೆ ನೀನ ಕ್ಲಚ್ ಹಾಕಿ ತೋರಿಸು, ಆಮ್ಯಾಲ ಬೋರ್ಡ್ ಬರಸೂಣು" ಅಂದಿದ್ದ.

ಈಗ ನನ್ನ ವಿಷಯ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ಎಂದು ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು ಒಂದಿದೆ. ಈ ಅಂಕಣದಲ್ಲಿ ಬರುವ ಇಂಗ್ಲಿಷ್ ಪದಗಳೆಲ್ಲ ನನ್ನ ಕಿವಿಯಿಂದ ಬಂದವು, ಕಣ್ಣಿನಿಂದ ಅಲ್ಲ. ಎ ಬಿ ಸಿ ಡಿ ಬಿಡಿಬಿಡಿಯಾಗಿ ಗುರುತು ಸಿಗುತ್ತದೆ. ಕೂಡಿಸಿ ಓದಲು ಬರುವುದಿಲ್ಲ. ಇದು ಇರ್ಫಾನನಿಗೂ ಗೊತ್ತಿರಲಿಲ್ಲ. "ನಮ್ಮ ಆಪಾ ಪೇಪರಿನ್ಯಾಗ ಬರೀತಾಳ" ಎಂದು ಊರೆಲ್ಲ ಹೇಳಿಕೊಂಡು ತಿರುಗುವ ತಮ್ಮನಿಗೆ ಹೇಗೆ ಹೇಳಲಿ? (ಆಪಾ ಅಂದರೆ ಅಕ್ಕ. ಮನೆಯಲ್ಲಿ ನಮ್ಮದು ಉರ್ದು. ಆದರೆ ಇರ್ಫಾನ್ ಕಾರಿನ ಮಾತು ಶುರು ಮಾಡಿದರೆ ಕನ್ನಡಕ್ಕೇ ಇಳಿಯುತ್ತಾನೆ.)

ಕ್ಲಚ್ ಹಾಕುವ ದಿನ ಅವನು ಕಾರನ್ನು ಎತ್ತಿ ನಿಲ್ಲಿಸಿ, ಗೇರ್‌ಬಾಕ್ಸ್ ಇಳಿಸಿ, ಹಳೆ ಪ್ಲೇಟು ತೆಗೆದ. ಮೊಣಕೈತನಕ ಗ್ರೀಸು. ಹೊಸ ಪ್ಲೇಟಿಗೆ ಗ್ರೀಸು ತಾಗಿದರೆ ಕೆಟ್ಟಿತಂತೆ. ಹಾಗಾಗಿ ನನ್ನನ್ನು ಕರೆದ.

"ಆಪಾ, ನಿನ್ ಕೈ ಸ್ವಚ್ಛ ಅದಾವ. ಆ ಪ್ಲೇಟ್ ತಗದು ಪ್ರೆಷರ್ ಪ್ಲೇಟಿನ ಮ್ಯಾಲ ಇಡು. ಫ್ಲೈವೀಲ್ ಸೈಡ್ ಅಂತ ಬರದ ಮುಖ ಮ್ಯಾಲ ಬರ್ಲಿ."

ಬಟ್ಟೆಯ ಮೇಲೆ ದಪ್ಪನೆಯ ಪ್ರೆಷರ್ ಪ್ಲೇಟು, ಹೊಸ ಕ್ಲಚ್ ಪ್ಲೇಟು ಎರಡೂ ಇದ್ದವು. ತೆಳ್ಳಗಿನ ಹೊಸ ಪ್ಲೇಟನ್ನು ತಿರುಗಿಸಿ ನೋಡಿದೆ. ಎರಡೂ ಕಡೆ ಇಂಗ್ಲಿಷ್. ಒಂದು ಕಡೆ ದೊಡ್ಡ ಅಕ್ಷರ, ಇನ್ನೊಂದು ಕಡೆ ಬರೀ ಸಣ್ಣವು. ಯಾವುದು ಫ್ಲೈವೀಲು? ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಗೊತ್ತಿದ್ದ ಒಂದೇ ಕಾಯಿದೆಯ ಪ್ರಕಾರ ಇಟ್ಟೆ. ಜಂಪರ್, ಅಂದರೆ ರವಿಕೆ, ಹೊಲಿಯುವಾಗ ಬಟ್ಟೆಯ ಸೀದಾ ಮುಖದ, ಅಂದರೆ ಹೊರಗೆ ಕಾಣುವ ಮುಖದ ಮೇಲೆ ಸೀದಾ ಮುಖವನ್ನೇ ಇಡಬೇಕು. ಪ್ರೆಷರ್ ಪ್ಲೇಟಿನ ಮೇಲ್ಮುಖ ಫಳಫಳ ಹೊಳೆಯುತ್ತಿತ್ತು, ಅದು ಸೀದಾ. ದೊಡ್ಡ ಅಕ್ಷರದ ಕಡೆ ಈ ಪ್ಲೇಟಿನ ಸೀದಾ. ದೊಡ್ಡ ಅಕ್ಷರ ಕೆಳಗೆ ಬರುವಂತೆ ಸೀದಾಕ್ಕೆ ಸೀದಾ ಹೊಂದಿಸಿ ಬೋರಲು ಮಲಗಿಸಿದೆ.

"ಬರದ ಮುಖ ಮ್ಯಾಲ ಐತಲ್ಲ?"

"ಹೂಂ."

ಅವನ ಕಣ್ಣಲ್ಲಿ ಬೆವರು, ಎರಡೂ ಕೈ ತುಂಬ ಭಾರ. ಅವನು ತಿರುಗಿ ನೋಡಲಿಲ್ಲ. ಎರಡನ್ನೂ ಒಟ್ಟಿಗೇ ಎತ್ತಿ ಕೂಡಿಸಿ ಬೋಲ್ಟು ಬಿಗಿದ. ಆಪಾ ಹೂಂ ಅಂದಮೇಲೆ ಇನ್ನೇನು?

ತಿಳಿಯದ್ದಕ್ಕೆ ಹೂಂ ಅನ್ನುವ ಚಟ ನನಗೊಬ್ಬಳಿಗೇನಾ? ಔಷಧಿ ಅಂಗಡಿಯವನು ಯಾವ ಗುಳಿಗೆ ಊಟದ ಮೊದಲು, ಯಾವುದು ಆಮೇಲೆ ಎಂದು ಗಡಿಬಿಡಿಯಲ್ಲಿ ಹೇಳುತ್ತಾನೆ. ಹೂಂ. ಮೊಬೈಲ್ ರಿಪೇರಿಯವನು "ಡೇಟಾ ಹೋಗ್ತೈತ್ರಿ, ನಡೀತೈತಿ?" ಅನ್ನುತ್ತಾನೆ. ಹೂಂ. ಮನೆಗೆ ಬಂದು ನೋಡಿದರೆ ಮಗಳ ಫೋಟೊ ಒಂದೂ ಇಲ್ಲ!

ಮಂಜಪ್ಪ ಬಂದ ದಿನ ಕಾರು ಸ್ಟಾರ್ಟ್ ಆಯಿತು. ಇರ್ಫಾನ್ ಕ್ಲಚ್ ಒತ್ತಿ ಗೇರು ಹಾಕಿದರೆ ಕರಕರ ಸದ್ದು. ಇನ್ನೊಮ್ಮೆ ಒತ್ತಿದ. ಕರಕರ. ಗೇರು ಬೀಳಲೇ ಇಲ್ಲ. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಪ್ಲೇಟ್ ಉಲ್ಟಾ ಕುಂತೈತೇನೊ?" ಅಂದ ಮಂಜಪ್ಪ.

"ಉಲ್ಟಾ ಹ್ಯಾಂಗ ಕುಂದರ್ತೈತಿ? ನಮ್ಮ ಆಪಾ ಓದಿ ಇಟ್ಟಾಳ."

"ಹಂಗಾದ್ರ ನಿನ್ನ ಕೈಯಾಗ ಏನೋ ಐಬು ಐತಿ ತಮ್ಮಾ. ಗ್ಯಾರೇಜಿನ ಮಾತು ಸದ್ಯಕ್ಕ ಬ್ಯಾಡ."

ಆಗಲೇ ಬಾಯಿ ತೆರೆಯಬೇಕಿತ್ತು. ತೆರೆದೆ. "ಚಹಾ ತಗೋರಿ" ಅಂದೆ.

ಅವತ್ತಿನಿಂದ ಇರ್ಫಾನ್ ಬೋಲ್ಟು ಬಿಚ್ಚುವ ಪಾನಾ ಮುಟ್ಟಿಲ್ಲ. ಮತ್ತೊಮ್ಮೆ ಬಿಚ್ಚಿ ನೋಡು ಅಂದೆ. "ಬ್ಯಾಡ ಆಪಾ. ಬಿಚ್ಚಿದ್ರ ಇನ್ನೊಂದು ಕೆಡಸ್ತೇನಿ. ನನ್ ಕೈ ಸ್ಟೇರಿಂಗ್ ಹಿಡಿಯಾಕಷ್ಟ ಲಾಯಕ್ಕು" ಅಂದ. ಊಟ ಮಾಡುವಾಗ ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಳ್ಳುತ್ತಾನೆ. ನಾನು ಪಲ್ಯ ಬಡಿಸುತ್ತೇನೆ. ನಾಳೆ ಹೇಳಿದರಾಯಿತು ಅಂದುಕೊಳ್ಳುತ್ತೇನೆ. ಹಾನಗಲ್ಲಿನವರು ಕಾರು ಒಯ್ದರೆ ಅದನ್ನು ಬಿಚ್ಚುವವರು ಬೇರೆಯವರು. ನನ್ನ ಗುಟ್ಟು ಊರು ದಾಟಿ ಹೋಗುತ್ತದೆ. ಎಂಥ ಅನುಕೂಲ ಅಲ್ಲವೇ?

ಇಲ್ಲಿಯವರೆಗೆ ಬರೆದು ಎದ್ದೆ. ಕೂರಲು ಆಗಲಿಲ್ಲ. ಅಂಗಳಕ್ಕೆ ಹೋದೆ.

"ಇರ್ಫಾನ್, ಪ್ಲೇಟ್ ಉಲ್ಟಾ ಇಟ್ಟಾಕಿ ನಾನ."

ಪೈಪು ಹಿಡಿದೇ ತಿರುಗಿದ. "ಓದಿ ಇಟ್ಟಿದ್ದಿಯಲ್ಲ?"

"ಓದಲಿಲ್ಲೋ. ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ."

"ಮತ್ತ ಹ್ಯಾಂಗ ಇಟ್ಟಿ?"

"ಜಂಪರ್ ಹೊಲಿಯೂ ಮುಂದ ಇಡ್ತೇವಲ್ಲ, ಸೀದಾಕ್ಕ ಸೀದಾ. ಹಂಗ."

ಕಾರಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಆಮೇಲೆ ನಕ್ಕ. ಪೈಪಿನ ನೀರು ಕಾಲ ಮೇಲೆ ಬೀಳುತ್ತಿದ್ದರೂ ನಕ್ಕ. "ಯಾ ಅಲ್ಲಾ! ನನ್ ಕ್ಲಚ್ಚಿಗೆ ಅಸ್ತರ್ ಹಚ್ಚೀ ಏನು? ಗುಂಡಿ ಯಾಕ ಬಿಟ್ಟಿ?" ನಾನೂ ನಕ್ಕೆ. ಎದೆಯ ಮೇಲಿನ ಕಲ್ಲು ಇಳಿಯಿತು ಅಂದುಕೊಂಡೆ.

ಅವನ ನಗು ನಿಂತಿತು. "ಮಂಜಪ್ಪ ನನ್ ಕೈಯಾಗ ಐಬು ಐತಿ ಅಂದಾಗ ನೀ ಬಾಗಿಲದಾಗ ನಿಂತಿದ್ದಿ ಹೌದಲ್ಲ?"

ತಲೆಯಾಡಿಸಿದೆ.

ನಲ್ಲಿ ಬಂದ್ ಮಾಡಿದ. ಫೋನು ತೆಗೆದು ಹಾನಗಲ್ಲಿನವರಿಗೆ "ಬರಬ್ಯಾಡ್ರಿ, ಕಾರು ಕೊಡಂಗಿಲ್ರಿ" ಅಂದ. ಜಾಕು ಎಳೆದು ತಂದ. ಮಂಜಪ್ಪನಿಗೆ ನಾನೇ ಫೋನ್ ಮಾಡಿ ಹೇಳಲೇ ಅಂದೆ. "ಮೊದಲ ಗಾಡಿ ಓಡ್ಲಿ" ಅಂದ. ಈ ಸಲವೂ ಪ್ಲೇಟು ಹಿಡಿಯಲೇ, ನೀನು ಹೇಳಿದ ಹಾಗೇ ಇಡುತ್ತೇನೆ ಅಂದೆ.

"ಬ್ಯಾಡ. ನಾನ ಕೈ ತೊಳ್ಕೊಂಡು ಇಡ್ತೇನಿ."

ಇದನ್ನು ಬರೆದು ಮುಗಿಸುವಾಗ ಕಿಟಕಿಯ ಆಚೆ ಬೋಲ್ಟು ಬಿಚ್ಚುವ ಸದ್ದು ಕೇಳುತ್ತಿದೆ. ಪ್ಲೇಟು ಉಲ್ಟಾ ಇಟ್ಟಿದ್ದಕ್ಕೆ ಅವನು ನಕ್ಕಾಗಿದೆ. ಬಾಗಿಲಲ್ಲಿ ಸುಮ್ಮನೆ ನಿಂತಿದ್ದಕ್ಕೆ ಇನ್ನೂ ಏನೂ ಅಂದಿಲ್ಲ.