ಶುಗರ್ ಇದ್ದರೂ ನಡೆಯುವ ಲಸ್ಸಿ

ಗೆಳೆಯರೇ, ಫ್ಲೂ ಇಂಜೆಕ್ಷನ್ ಅಂದರೆ ಬಚ್ಚಲುಮನೆ ಸೇರಿ ಅಗಳಿ ಹಾಕಿಕೊಳ್ಳುತ್ತಿದ್ದ ನಮ್ಮತ್ತೆ ಇವತ್ತು ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

"ಲಗೂನ ನಡಿಯವಾ, ದವಾಖಾನ್ಯಾಗ ಲಸ್ಸಿ ಕೊಡಾಕತ್ತಾರಂತ!"

ಅವರ ಮೊಬೈಲ್ ನೋಡಿದೆ. ನಾಶಿಕದ ನಮ್ಮ ದವಾಖಾನೆಯ ಮರಾಠಿ ಮೆಸೇಜು: "ಲಸೀಸಾಠೀ ಆಜಚ್ ಯಾ." ಲಸಿಕೆಗೆ ಇವತ್ತೇ ಬನ್ನಿ ಅಂತ; ಮರಾಠಿಯಲ್ಲಿ ಲಸ ಅಂದರೆ ಲಸಿಕೆ. ಗದಗಿನಿಂದ ಬಂದು ಎರಡೇ ತಿಂಗಳಾದ ನಮ್ಮತ್ತೆಗೆ ಅದು ಲಸ್ಸಿ. ಓದಿ ಸುಮ್ಮನಿರದೆ ತಮ್ಮ ಹಿಂದಿಯಲ್ಲಿ ಕೇಳಿಯೂ ಬಿಟ್ಟಿದ್ದರು: "ಮುಝೇ ಶುಗರ್ ಹೈ, ಚಲೇಗಾ ಕ್ಯಾ?"

"ಶುಗರ್ ಅಸಲೀ ತರೀ ಚಾಲೇಲ್, ನಕ್ಕೀ ಯಾ" ಎಂದು ಉತ್ತರ ಬಂದಿತ್ತು. ಶುಗರ್ ಇದ್ದರೂ ನಡೆಯುತ್ತದೆ, ಖಂಡಿತ ಬನ್ನಿ!

ಓಝರ್ ಕಾರ್ಖಾನೆಯಲ್ಲಿ ವಿಮಾನ ರಿಪೇರಿ ಮಾಡುವ ಅವರ ಮಗನಿಂದಲೂ ಒಂದು ತಿಂಗಳಿಂದ ಆಗದ ಕೆಲಸ ಇದು. ನಾನು ತುಟಿಪಿಟಕ್ಕೆನ್ನದೆ ಸ್ಕೂಟರ್ ತೆಗೆದೆ.

ನರ್ಸ್ ತೋಳು ಮೇಲೇರಿಸಲು ಸನ್ನೆ ಮಾಡಿದಾಗ ಅತ್ತೆ ನನ್ನತ್ತ ತಿರುಗಿದರು. "ಲಸ್ಸಿ ಕುಡಿಯಾಕ ತೋಳ್ಯಾಕ?"

ಆಗ ಹೇಳಲೇಬೇಕಾಯಿತು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅತ್ತೆ ನನ್ನನ್ನು ಸುಡುವಂತೆ ನೋಡಿ, ಕಣ್ಣು ಮುಚ್ಚಿ, "ಬಂದಾಗೇತಿ, ಚುಚ್ಚು ಅನ್ನು" ಎಂದರು.

ಮನೆಗೆ ಬಂದವರೇ ಇಲ್ಲಿನ ಕನ್ನಡ ಭಜನಾ ಮಂಡಳಿಯ ಗ್ರೂಪಿಗೆ ಬರೆದರು: "ದವಾಖಾನಿ ಲಸ್ಸಿ ಭಾಳ ಛಲೋ ಐತ್ರಿ. ಶುಗರ್ ಇದ್ರೂ ನಡೀತೈತಿ. ಎಲ್ಲಾರೂ ಹೋಗ್ರಿ."

ಈಗಾಗಲೇ ಎಂಟು ಮಂದಿ ಹೊರಟಿದ್ದಾರೆ. ಒಬ್ಬರು ಕೇಳಿದ್ದಾರೆ: "ಮನಿಯಿಂದ ಗ್ಲಾಸ್ ಒಯ್ಯಬೇಕೇನ್ರಿ?"

ಅತ್ತೆಯ ಉತ್ತರ: "ಬ್ಯಾಡ್ರಿ. ತೋಳು ಸಡ್ಲ ಇರೋ ಕುಪ್ಪಸ ಹಾಕ್ಕೊಂಡ ಹೋಗ್ರಿ, ಸಾಕು."