ಬಂಡೆಯ ಹೊಟ್ಟೆ ತೊಯ್ಯುವ ಮೊದಲು

ನಾನು ಹೊಳೆಯಿಲ್ಲದ ತಳಕಲ್ಲು ಊರಿನಲ್ಲಿ ಬಾವಿ ನೀರು ಸೇದಿ ಬೆಳೆದವಳು. ಆನೆಗೊಂದಿಗೆ ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ನನ್ನನ್ನು ಹೊಳೆದಂಡೆಗೆ ಕರೆದೊಯ್ದು, ನೀರಿನ ನಡುವೆ ಕೂತ ಡೊಳ್ಳುಹೊಟ್ಟೆಯ ಬಂಡೆಯೊಂದನ್ನು ತೋರಿಸಿದರು.

“ಅದರ ಹೊಟ್ಟಿ ತೊಯ್ತಂದ್ರ ತ್ವಾಟದಾಗ ನಿಂದರಬ್ಯಾಡ. ಈಚಿ ದಂಡಿಗೆ ಬಂದ್ಬಿಡು.”

ನಮ್ಮ ಬಾಳೆತೋಟ ಇರುವುದು ಹೊಳೆಯ ನಡುವಿನ ಗಡ್ಡೆಯಲ್ಲಿ. ನೀರು ಇಳಿದಾಗ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುತ್ತೇವೆ. ಬಾಳೆಪಟ್ಟೆ ಸುಲಿದು ನಾರು ತೆಗೆಯುವುದು ಅತ್ತೆ ಸೊಸೆಯರ ಕೆಲಸ. ಹಿಂದೆ ಮಲೆನಾಡಿನಲ್ಲಿ ವಾರಗಟ್ಟಲೆ ಮಳೆ ಜಿನುಗಿ ಹೊಳೆ ದಿನಕ್ಕಿಷ್ಟು ಎಂದು ಏರುತ್ತಿತ್ತು. ಬಂಡೆಯ ಹೊಟ್ಟೆ ತೊಯ್ದ ಮೇಲೂ ಎಮ್ಮೆಗಳನ್ನು ಹೊಡೆದುಕೊಂಡು ಬರುವಷ್ಟು ಪುರಸೊತ್ತು ಇರುತ್ತಿತ್ತು. ಈಗ ತಿಂಗಳುಗಟ್ಟಲೆ ಹನಿಯಿಲ್ಲ. ಆಮೇಲೆ ಇಡೀ ಮಳೆಗಾಲವೇ ನಾಲ್ಕಾರು ದಿನದಲ್ಲಿ ಸುರಿದು, ಡ್ಯಾಮು ತುಂಬಿದೊಡನೆ ಗೇಟು ಎತ್ತುತ್ತಾರೆ, ಹೊಳೆ ಗಳಿಗೆಯಲ್ಲಿ ಏರಿಬಿಡುತ್ತದೆ.

ಹೋದ ಮಳೆಗಾಲದ ಒಂದು ಮಧ್ಯಾಹ್ನ ಇಬ್ಬರೂ ತೋಟದಲ್ಲಿ ಪಟ್ಟೆ ಸುಲಿಯುತ್ತಿದ್ದೆವು. ಬಿಸಿಲು ಚುರುಗುಟ್ಟುತ್ತಿತ್ತು. ಗಂಡನ ಫೋನು ಬಂತು: “ಡ್ಯಾಮಿನ ನೀರು ಬಿಟ್ಟಾರಂತ, ಲಗೂನ ಬರ್ರಿ.”

“ಏಳ್ರಿ ಅತ್ತಿ, ಹೋಗೂಣು” ಎಂದೆ.

ಅತ್ತೆ ಬಂಡೆಯ ಕಡೆ ಒಮ್ಮೆ ನೋಡಿದರು. “ಹೊಟ್ಟಿ ಒಣಗೇ ಐತಿ. ತಳಕಲ್ಲಿನಾಕಿಗೆ ಹೊಳಿ ಏನ್ ಗೊತ್ತಬೇ? ಈ ಹೊರಿ ಮುಗಿಸೂಣು.”

ಸಿಟ್ಟು ನೆತ್ತಿಗೇರಿತು. ಆದರೂ ಹೊಳೆಯ ವಿಷಯದಲ್ಲಿ ಅವರಿಗೆ ಎದುರಾಡಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಹೊರೆ ಕಟ್ಟಿ ತಲೆ ಎತ್ತಿದರೆ ಹೊಟ್ಟೆ ಒತ್ತಟ್ಟಿಗಿರಲಿ, ಬಂಡೆಯ ನೆತ್ತಿಯೂ ಕಾಣಲಿಲ್ಲ. ದಾಟುವ ಕಲ್ಲುಗಳೆಲ್ಲ ಕೆನ್ನೀರಿನ ಕೆಳಗಿದ್ದವು.

ತೋಟದ ದಿಬ್ಬ ಹತ್ತಿ ಕೂತೆವು. ದಂಡೆಯಲ್ಲಿ ಗಂಡ ಕೈ ಬೀಸುವುದು ಕಾಣುತ್ತಿತ್ತು, ಕೂಗಿದ್ದು ಕೇಳುತ್ತಿರಲಿಲ್ಲ. ಫೋನಿನ ಚಾರ್ಜೂ ಮುಗಿಯಿತು. ದಿನವಿಡೀ ಬಯ್ಯುವ ಅತ್ತೆಗೆ ಅವತ್ತು ಬಾಯೇ ಇರಲಿಲ್ಲ. ಬಂಡೆ ಇದ್ದ ಕಡೆಗೇ ಕಣ್ಣು ನೆಟ್ಟು ಕೂತಿದ್ದರು. ನೀರಿಗಿಂತ ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

“ಏನರ ಅನ್ರಿ ಅತ್ತಿ, ನನ್ನರ ಬೈರಿ” ಎಂದು ನಾನು ಅತ್ತುಬಿಟ್ಟೆ.

“ನಲವತ್ತು ವರ್ಷ ನೋಡೀನಿ” ಎಂದರು ಅವರು, ಅಷ್ಟೇ.

ಮರುದಿನ ಬೋಟಿನವರು ಬಂದು ಕರೆತಂದರು.

ಈಗ ಬೇಸಿಗೆ. ಹೊಳೆ ಬತ್ತಿ ಬಂಡೆ ಬುಡದವರೆಗೂ ಬೆಳ್ಳಗೆ ನಿಂತಿದೆ. ಅದರ ಸುತ್ತ ಉಸುಕಿನಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಆಚೆ ನೀರಿಲ್ಲದೆ ಬಾಳೆಯ ಎಲೆ ಸುಡುತ್ತಿದೆ. ಅತ್ತೆ ದಿನಾ ಕುಡುಗೋಲು ಹಿಡಿದು ದಂಡೆಯವರೆಗೆ ಬಂದು ನಿಲ್ಲುತ್ತಾರೆ. ಬಂಡೆಯನ್ನು ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ.

“ದಾಟೂಣೇನಬೇ?”

ಗೇಟು ಯಾವಾಗ ಎತ್ತುತ್ತಾರೋ ಎಂದು ಹ್ಞೂಂ ಎನ್ನಲು ಧೈರ್ಯವಿಲ್ಲ, ಬ್ಯಾಡ ಎಂದರೆ ತೋಟ ಉಳಿಯುವುದಿಲ್ಲ. ಹೊಳೆಯನ್ನು ನನಗೆ ಕಲಿಸಿದವರೇ ಅವರು. ಹನಿ ನೀರಿಲ್ಲದ ಹೊಳೆಯ ಈಚೆಗೆ ಇಬ್ಬರೂ ನಿಂತೇ ಇರುತ್ತೇವೆ.