ಪ್ರಾಧ್ಯಾಪಕರು ಮೂರು ಸಲ ಸತ್ತ ಮಧ್ಯಾಹ್ನ

ಹಾಸನದಿಂದ ಹೊರಟ ಬಸ್ಸು ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಎರಡು ಸಲ ಕೆಟ್ಟು ನಿಂತಿತು. ಎಂಬತ್ತರ ದಶಕದ ಒಂದು ಮೇ ತಿಂಗಳು. ಮಂಗಳೂರಿನಲ್ಲಿ ಇಳಿದಾಗ ಅಂಗಿ ಬೆನ್ನಿಗೆ ಅಂಟಿತ್ತು. ಹಂಪನಕಟ್ಟೆಯ ವಸತಿಗೃಹದ ಕೋಣೆಯಲ್ಲಿ ಫ್ಯಾನು ಇತ್ತು, ಕರೆಂಟು ಇರಲಿಲ್ಲ.

ನಾನು ಸಮುದ್ರ ನೋಡಲು ಬಂದವನಲ್ಲ. ನಮ್ಮ ಸಣ್ಣ ಊರಿನ ಆಸ್ಪತ್ರೆಗೆ ನಾನೊಬ್ಬನೇ ವೈದ್ಯ. ಎತ್ತಿನ ಗಾಡಿ ಹೊಡೆಯುವ ಜವರಯ್ಯ ಎರಡು ಸಲ ರಕ್ತವಾಂತಿ ಮಾಡಿಕೊಂಡು ವಾರ್ಡಿನಲ್ಲಿ ಮಲಗಿದ್ದ. ಯಕೃತ್ತು ಕೆಟ್ಟು, ಅನ್ನನಾಳದಲ್ಲಿ ಊದಿಕೊಂಡ ರಕ್ತನಾಳಗಳು ಒಡೆದಿದ್ದವು. ಎರಡು ಸಲವೂ ತಾನಾಗಿಯೇ ನಿಂತಿತ್ತು. ಮತ್ತೆ ಶುರುವಾಗಿ ನಿಲ್ಲದಿದ್ದರೆ ಬಲೂನು ಇರುವ ರಬ್ಬರ್ ನಳಿಕೆಯನ್ನು ಹೊಟ್ಟೆಗೆ ಇಳಿಸಿ, ಉಬ್ಬಿಸಿ, ರಕ್ತನಾಳವನ್ನು ಒತ್ತಿ ಹಿಡಿಯಬೇಕು. ನಳಿಕೆ ನಮ್ಮ ಕಪಾಟಿನಲ್ಲಿತ್ತು, ಹಾಕಿ ಅಭ್ಯಾಸವಿರಲಿಲ್ಲ. ಅದನ್ನು ಕಲಿಸುವ ತರಬೇತಿ ಎಂದು ತಿಳಿದು, ಪಕ್ಕದ ಊರಿನ ವೈದ್ಯರಿಗೆ ವಾರ್ಡು ಒಪ್ಪಿಸಿ ಬಂದಿದ್ದೆ.

ಬೆಳಿಗ್ಗೆ ನೀರುದೋಸೆ ತಿಂದು, ರಿಕ್ಷಾದವನೊಡನೆ ಜಗಳವಾಡಿ, ಕುಲಶೇಖರದ ಹತ್ತಿರದ ಸಭಾಂಗಣ ಸೇರಿದೆ. ಉದ್ಘಾಟನೆ ನಡೆಯುತ್ತಿತ್ತು. ದೀಪ ಆರೀತೆಂದು ಫ್ಯಾನುಗಳನ್ನೆಲ್ಲ ನಿಲ್ಲಿಸಿದ್ದರು. ಸ್ವಾಗತ, ಹಾರ, ಹಾರಕ್ಕೆ ಉತ್ತರವಾಗಿ ಭಾಷಣ. ರೋಗಿಗೆ ಮೊದಲ ನಿಮಿಷಗಳೇ ಮುಖ್ಯ ಎಂದು ಒಬ್ಬರು ಮುಕ್ಕಾಲು ಗಂಟೆ ಮಾತಾಡಿದರು.

"ಎಂತ ಮಾರಾಯ್ರೆ, ಮುಖ ಹಾಗೆ ಮಾಡ್ಬೇಡಿ," ಎಂದ ಪಕ್ಕದಲ್ಲಿದ್ದ ಸಾಲಿಯಾನ್. ಕಾಟಿಪಳ್ಳದ ಯುವ ವೈದ್ಯ, ಮೀನುಗಾರರ ಮನೆಯವನು. "ಊಟಕ್ಕೆ ಕಾಣೆ ಮೀನು ಉಂಟಂತೆ."

ಕಾಣೆ ಚೆನ್ನಾಗಿಯೇ ಇತ್ತು. ಆದರೆ ನಳಿಕೆಯ ದರ್ಶನ ಇನ್ನೂ ಆಗಿರಲಿಲ್ಲ.

ಊಟದ ಮೇಲೆ ನಮ್ಮನ್ನು ಗುಂಪು ಮಾಡಿ ಅಣಕು ಚಿಕಿತ್ಸೆ. ರೋಗಿಯ ಪಾತ್ರಕ್ಕೆ ಹಿರಿಯ ಪ್ರಾಧ್ಯಾಪಕ ಡಾಕ್ಟರ್ ಹೆಗ್ಡೆಯವರೇ ನಿಂತರು. ಬಾಯಲ್ಲಿ ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತು ತುಂಬಿಕೊಂಡು ಬಂದು ಬೇಸಿನ್ನಿಗೆ ಉಗಿದು ಮಂಚದ ಮೇಲೆ ಬಿದ್ದರು. ಅವರು ಒಳಗೆ ಬಂದ ಕೂಡಲೇ ನಾವೆಲ್ಲ ಎದ್ದು ನಿಂತು ನಮಸ್ಕಾರ ಮಾಡಿದ್ದೆವು! ಅಲ್ಲಿಗೇ ಅರ್ಧ ಕೆಟ್ಟಿತು. ಮೊದಲ ಗುಂಪಿನವರು, "ಸರ್, ತಮಗೆ ತೊಂದರೆ ಆಗದಿದ್ದರೆ ಸ್ವಲ್ಪ ಎಡಕ್ಕೆ ಹೊರಳ್ತೀರಾ?" ಎಂದು ಕೈಕಟ್ಟಿ ಕೇಳಿದರು. ರಕ್ತದೊತ್ತಡ ಅಳೆಯುವ ಪಟ್ಟಿ ಬಿಗಿಯಲು ಅಂಗಿಯ ತೋಳು ಮಡಚಬೇಕಿತ್ತು, ಯಾರೂ ಮಡಚಲಿಲ್ಲ. ಆಟಕ್ಕೆಂದೇ ಪಕ್ಕದಲ್ಲಿ ನಿಂತಿದ್ದ ದಾದಿಯೊಬ್ಬಳು ಇಳಿಯುತ್ತಿರುವ ರಕ್ತದೊತ್ತಡವನ್ನು ಗಟ್ಟಿಯಾಗಿ ಹೇಳುತ್ತಲೇ ಇದ್ದಳು. ಹೆಗ್ಡೆಯವರು ಸತ್ತರು. ಎರಡನೆಯ, ಮೂರನೆಯ ಗುಂಪಿನವರ ಕೈಯಲ್ಲೂ ಅಷ್ಟೇ ಮರ್ಯಾದೆಯಿಂದ ಸತ್ತರು.

"ನನ್ನನ್ನು ಮುಟ್ಟಿದ್ರೆ ಮೈಲಿಗೆಯಾ?" ಎಂದು ಎದ್ದು ಕೂತು ಗದರಿದರು. ಎಲ್ಲರೂ ಒಟ್ಟಿಗೆ, "ಇಲ್ಲ ಸರ್," ಎಂದರು.

ನಾಲ್ಕನೆಯವರು ನಾನು ಮತ್ತು ಸಾಲಿಯಾನ್. ನನ್ನ ಬಾಯಿಂದಲೂ "ಸರ್" ಎಂದೇ ಹೊರಟಿತು. ಅಷ್ಟರಲ್ಲಿ ಅವರು ಇನ್ನೊಮ್ಮೆ ಉಗಿದರು. ಅಲ್ಲಿ ಜವರಯ್ಯ ಹೀಗೇ ಉಗಿಯುತ್ತಿದ್ದರೆ ಏನು ಗತಿ ಎನ್ನಿಸಿ ಬೆಳಗಿನಿಂದ ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟೆಲ್ಲ ಹೊರಬಂತು.

"ಹೊರಳು! ಎಡಕ್ಕೆ! ಬಾಯಿ ತೆರೆ!" ಎಂದು ಭುಜ ಹಿಡಿದು ಮಗ್ಗುಲಿಗೆ ತಿರುಗಿಸಿದೆ. ಸಾಲಿಯಾನ್ ತೋಳು ಮಡಚಿ ಪಟ್ಟಿ ಬಿಗಿದ. ಡ್ರಿಪ್ಪು ಎರಡು ಕೈಗೂ, ರಕ್ತ ಹೊಂದಿಸಲು ಮಾದರಿ, ಬಾಯಿ ಶುಚಿ. ಎಲ್ಲವೂ ನಟನೆಯೇ. ದಾದಿ ಹೇಳುವ ರಕ್ತದೊತ್ತಡ ಮೊದಲ ಬಾರಿಗೆ ಏರಿತು.

ಅಷ್ಟರಲ್ಲಿ ಸಂಘಟಕರು ಓಡಿ ಬಂದರು. "ಸರ್, ಸಮಾರೋಪದ ಅತಿಥಿಗಳು ಬಂದಾಯ್ತು. ವೇದಿಕೆಗೆ ಬರಬೇಕು. ನಳಿಕೆಯದ್ದು ಇನ್ನೊಮ್ಮೆ ನೋಡುವ."

ಹೆಗ್ಡೆಯವರು ಎದ್ದು ಚಪ್ಪಲಿಗೆ ಕಾಲು ಚಾಚಿದರು. ನಳಿಕೆ ಮುಟ್ಟದೆ ಊರಿಗೆ ಹೋಗುವುದೆಂದರೇನು?

"ಎಲ್ಲಿಗೆ ಹೊರಟೆ? ರಕ್ತ ಇನ್ನೂ ನಿಂತಿಲ್ಲ. ಮಲಗು!" ಎಂದು ಕೂಗಿದೆ.

ಹೆಗ್ಡೆಯವರು ನನ್ನನ್ನೇ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಮಲಗಿದರು. "ಅತಿಥಿಗಳಿಗೆ ಕಾಫಿ ಕೊಡಿ. ಅಭ್ಯಾಸದ ಆ ರಬ್ಬರ್ ತಲೆ ತನ್ನಿ, ಗಂಟಲು ಹೊಟ್ಟೆ ಎಲ್ಲ ಉಂಟು ಅದಕ್ಕೆ. ನಾನು ಏಳುವ ಹಾಗಿಲ್ಲ, ಡಾಕ್ಟ್ರು ಬಿಡುದಿಲ್ಲ."

ರಬ್ಬರ್ ತಲೆಯ ಮೂಗಿನಿಂದ ನಳಿಕೆ ಇಳಿಸಲು ಮೊದಲ ಸಲ ಸೋತೆ. ಎರಡನೆಯ ಸಲ ಬಲೂನನ್ನು ಅನ್ನನಾಳದಲ್ಲೇ ಉಬ್ಬಿಸಿ, "ಅನ್ನನಾಳ ಒಡೆಯಿತು, ಕೊಂದ್ರಿ," ಎಂದು ಮಲಗಿದ್ದ ಹೆಗ್ಡೆಯವರಿಂದ ಬೈಸಿಕೊಂಡೆ. ಹೊಟ್ಟೆಯೊಳಗೇ ಇದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಉಬ್ಬಿಸಬೇಕು ಎಂಬುದು ಕೈಗೆ ಹತ್ತುವ ತನಕ ಅವರೂ ಏಳಲಿಲ್ಲ, ನಾನೂ ಬಿಡಲಿಲ್ಲ. ಹೊರಡುವಾಗ ಕೇಳಿದೆ, "ಸರ್, ನಿಜವಾದ ರೋಗಿ ಎದುರಿಗಿದ್ದಾಗ ಕೈ ನಡುಗಿದರೆ?"

"ನಡುಗ್ತದೆ. ನನ್ನದು ಈಗಲೂ ನಡುಗ್ತದೆ. ಹಾಕಿ."

ರಾತ್ರಿಯ ಬಸ್ಸು ಕೆಡಲಿಲ್ಲ, ಅದೊಂದು ಪುಣ್ಯ. ಬೆಳಿಗ್ಗೆ ಮನೆಗೂ ಹೋಗದೆ ವಾರ್ಡಿಗೆ ನಡೆದೆ. ಜವರಯ್ಯ ಮಂಚದ ಮೇಲೆ ಕೂತು ಗಂಜಿ ಕುಡಿಯುತ್ತಿದ್ದ. ನನ್ನನ್ನು ನೋಡಿದ್ದೇ ಬಟ್ಟಲು ಕೆಳಗಿಟ್ಟು ಎದ್ದು ನಿಲ್ಲಲು ಹೊರಟ.

"ಏಯ್, ಬಿದ್ಕೊಳ್ಳೋ!" ಎಂದು ಗದರಿಸಿದೆ.

ಅವನು ಹೆದರಿ ಮಲಗಿದ. "ಮಂಗ್ಳೂರಲ್ಲಿ ಏನ್ ಕಲಿಸಿದ್ರು ಸಾಮಿ?"

"ರೋಗಿಗೆ ಗದರಿಸೋದು ಕಲಿಸಿದ್ರು ಕಣೋ."

ಜವರಯ್ಯ ಮಲಗಿದಲ್ಲಿಂದಲೇ ಗಂಜಿ ಬಟ್ಟಲಿಗೆ ಕೈ ಚಾಚಿದ. "ಅದಕ್ಕೆ ಅಷ್ಟು ದೂರ ಯಾಕೋದ್ರಿ ಸಾಮಿ?" ಎಂದ. "ನಮ್ಮನ್ನ ನೀವು ಯಾವತ್ತೂ ಗದರಿಸ್ತಾನೇ ಇದ್ರಲ್ಲ."